ಟ್ಯಾಂಕು ಕೊಟ್ಟ ಜಹೀರುದ್ದೀನ

ರಾಯಚೂರಿನ ಒಂದು ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಹತ್ತಿಯ ತೂಕ ಬರೆದುಕೊಳ್ಳುವ ಜಹೀರುದ್ದೀನನಿಗೆ ತನ್ನ ಬಗ್ಗೆ ಅಂಥಾ ದೊಡ್ಡ ಅಭಿಪ್ರಾಯವೇನೂ ಇರಲಿಲ್ಲ. ಸಂಜೆ ಮನೆಗೆ ಬಂದು ಕನ್ನಡಿ ನೋಡಿದರೆ ಹುಬ್ಬು, ಮೀಸೆಗೆಲ್ಲ ಹತ್ತಿ ಅಂಟಿಕೊಂಡು ಹರೆಯದಲ್ಲೇ ಮುದುಕನಾದಂತಿದ್ದ ಒಬ್ಬ ಗುಮಾಸ್ತ ಕಾಣುತ್ತಿದ್ದ. ಆ ಗುಮಾಸ್ತನನ್ನು ಮಾಲಕರು ‘ಏ’ ಅಂತ ಕರೆಯುತ್ತಿದ್ದರು, ಹಮಾಲರು ‘ಬಾಬು’ ಅನ್ನುತ್ತಿದ್ದರು. ಮರ್ಯಾದೆಯ ತೂಕ ಎರಡರಲ್ಲೂ ಒಂದೇ. ಆದರೆ ಅದೇ ಮನುಷ್ಯ ತನ್ನ ಜಾವಾ ಮೋಟರ್‌ಸೈಕಲ್ಲಿನ ಮೇಲೆ ಕೂತು, ಒದ್ದ ಕಿಕ್ಕನ್ನೇ ಮುಂದಕ್ಕೆ ಮಡಚಿ ಗೇರು ಹಾಕಿದನೆಂದರೆ ಗುಮಾಸ್ತ ಫ್ಯಾಕ್ಟರಿ ಗೇಟಿನಲ್ಲೇ ಉಳಿಯುತ್ತಿದ್ದ. ಹೋಗುವವನು ಬೇರೆ ಯಾರೋ. ಆ ಬೇರೆಯವನು ಜಹೀರುದ್ದೀನನಿಗೆ ಬಹಳ ಸೇರುತ್ತಿದ್ದ.

ಗಾಡಿ ಬಂದ ಬಗೆಯೂ ಅವನಿಗೆ ತಕ್ಕಂತೆಯೇ ಇತ್ತು. ತಾಯಿ ಕುಬ್ರಾ ಬೇಗಂ ಅವನನ್ನು ಹೆಣ್ಣು ನೋಡಿ ಬಾ ಅಂತ ಹೈದರಾಬಾದಿಗೆ ಕಳಿಸಿದ್ದಳು. ಹೆಣ್ಣಿನವರು ಅಂಗಳದಲ್ಲಿ ಕುರ್ಚಿ ಹಾಕಿ ಕೂಡಿಸಿದರು. ಹುಡುಗಿ ಶರಬತ್ತು ತಂದು ನಿಂತಳು. ಅವಳ ಹಿಂದೆ ಗೋಡೆಗೆ ಒರಗಿ, ಕೋಳಿ ಹಿಕ್ಕೆ ಹೊತ್ತುಕೊಂಡು, ಕೆಂಪು ಜಾವಾ ನಿಂತಿತ್ತು. ಬದಿಗೆಲ್ಲ ನಿಕಲ್ ಹೊಳಪಿನ ಟ್ಯಾಂಕು, ಮೊಣಕಾಲು ಒತ್ತುವಲ್ಲಿ ಕಪ್ಪು ರಬ್ಬರು. ಊರಿಗೆ ಬಂದ ಮೇಲೆ ‘ಹುಡುಗಿ ಹೆಂಗಿದ್ದಳು’ ಅಂತ ತಾಯಿ ಕೇಳಿದರೆ ಅವನಿಗೆ ಮುಖವೇ ನೆನಪಾಗಲಿಲ್ಲ. ಮದುವೆಗೆಂದು ಕೂಡಿಸಿಟ್ಟಿದ್ದ ದುಡ್ಡು ಗಾಡಿಗೆ ಹೋಯಿತು.

“ಬಹೂ ಲಾತೂಂ ಬೋಲ್ಕೆ ಗಯಾ, ಗಾಡಿ ಲೇಕೋ ಆಯಾ,” ಅಂತ ಕುಬ್ರಾ ಬೇಗಂ ಓಣಿಯವರಿಗೆಲ್ಲ ಹೇಳಿಕೊಂಡು ನಕ್ಕಳು. ಸೊಸೆಯನ್ನು ತರಲು ಹೋದವನು ಗಾಡಿ ತಂದ ಕತೆ ಕೇಳಿ ಓಣಿಯೂ ನಕ್ಕಿತು. ಜಹೀರುದ್ದೀನ ಎಲ್ಲರಿಗಿಂತ ಮುಂಚೆ ನಕ್ಕಿದ್ದ. ಬೇರೆಯವರು ನಗುವುದಕ್ಕಿಂತ ಮೊದಲೇ ತಾನು ನಕ್ಕುಬಿಟ್ಟರೆ ನೋವು ಅರ್ಧವಾಗುತ್ತದೆ ಅನ್ನುವುದು ಫ್ಯಾಕ್ಟರಿಯಲ್ಲಿ ಕಲಿತ ವಿದ್ಯೆ.

ಆಗಿನ ರಾಯಚೂರಿನಲ್ಲಿ ಜಾವಾ ಇದ್ದವರು ಬೆರಳ ಮೇಲೆ ಎಣಿಸುವಷ್ಟು. ಭಾನುವಾರ ಮುಂಜಾನೆ ತೀನ್ ಕಂದೀಲ್ ಚೌಕದ ಹತ್ತಿರ ಎಲ್ಲರೂ ಕೂಡುತ್ತಿದ್ದರು. ಕೋರ್ಟಿನ ಟೈಪಿಸ್ಟ್ ಮರಿಸ್ವಾಮಿ, ಬಳೆ ಅಂಗಡಿಯ ಅಬ್ದುಲ್ ವಹೀದ್, ಇನ್ನೂ ಮೂರ್ನಾಲ್ಕು ಮಂದಿ. ಚಹಾ ಮುಗಿಸಿ, ಹೊಗೆ ಎಬ್ಬಿಸಿ, ಮಾನ್ವಿಗೆ ಹೊರಡುತ್ತಿದ್ದರು. ಕಲ್ಲೂರು ದಾಟಿದ ಮೇಲೆ ನೆಟ್ಟಗಿನ ರಸ್ತೆ. ಅಲ್ಲಿ ಯಾರು ಯಾರನ್ನು ಹಿಂದೆ ಹಾಕಿದರು ಅನ್ನುವುದೇ ವಾರವೆಲ್ಲ ಮಾತು. ಮಾನ್ವಿಯಲ್ಲಿ ರೈಸ್ ಮಿಲ್ಲಿನ ಮಾಲಕರ ಮಗ ವಿರೂಪಣ್ಣ ತನ್ನ ಜಾವಾ ತೆಗೆದುಕೊಂಡು ಕೂಡಿಕೊಳ್ಳುತ್ತಿದ್ದ. ಅಲ್ಲಿಂದ ಚೀಕಲಪರ್ವಿ, ತುಂಗಭದ್ರೆಯ ದಂಡೆ, ತಿನ್ನಲು ಮಂಡಾಳು, ಮಿರ್ಚಿ ಭಜಿ.

ವಯಸ್ಸಿನಲ್ಲೂ ಸಿರಿತನದಲ್ಲೂ ದೊಡ್ಡವನಾದ್ದರಿಂದ ಕಟ್ಟಳೆಗಳನ್ನು ಹಾಕಿದವನೂ ವಿರೂಪಣ್ಣನೇ. ದಾರಿಯಲ್ಲಿ ಜಾವಾ ಎದುರಾದರೆ ಕೈ ಎತ್ತಬೇಕು. ಬೇರೆ ಗಾಡಿಗೆ ಎತ್ತಬಾರದು. ಗಾಡಿ ಮಾರಬಾರದು. ಪಾರ್ಟುಗಳು ಸಿಗದ ಕಾಲ, ಹೈದರಾಬಾದಿಗೆ ಹೋದರೂ ಬರಿಗೈ. ಹಾಗಾಗಿ ಒಬ್ಬರ ಗಾಡಿಗೆ ಬೇಕಾದದ್ದನ್ನು ಇನ್ನೊಬ್ಬರು ಬಿಚ್ಚಿಕೊಡಬೇಕು, ಮತ್ತು ಕೊಟ್ಟವನು ಬಾಯಿಬಿಟ್ಟು ವಾಪಸು ಕೇಳಬಾರದು. ಅದು ತಾನಾಗಿ ತಿರುಗಿ ಬರಬೇಕು. ಖರೇ ಅಂದರೆ ಬರುತ್ತಲೂ ಇತ್ತು. ಮರಿಸ್ವಾಮಿಯ ಕ್ಲಚ್ ಪ್ಲೇಟು ಒಂದು ಮಳೆಗಾಲ ಜಹೀರುದ್ದೀನನ ಗಾಡಿಯಲ್ಲಿತ್ತು. ಜಹೀರುದ್ದೀನನ ಕಾರ್ಬುರೇಟರು ವಹೀದನ ತಂಗಿಯ ಮದುವೆ ಮುಗಿಸಿಕೊಂಡು ಬಂತು. ಕೇಳುವುದೆಂದರೆ ಉಂಡವನ ಎಲೆಯ ಮುಂದೆ ನಿಂತು ಅನ್ನದ ಲೆಕ್ಕ ಹೇಳಿದಷ್ಟು ನಾಚಿಕೆಗೇಡು. ಈ ಕಟ್ಟಳೆಯನ್ನು ಹೊಸಬರಿಗೆ ಹೇಳಿಕೊಡುವ ಕೆಲಸ ಜಹೀರುದ್ದೀನನದು. ಅಷ್ಟು ಭಕ್ತಿಯಿಂದ ಅವನು ನಮಾಜನ್ನೂ ಮಾಡುವುದಿಲ್ಲ ಅಂತ ತಾಯಿ ಬೈಯುತ್ತಿದ್ದಳು.

ಎಂಬತ್ತಾರನೇ ಇಸವಿಯ ಒಂದು ಭಾನುವಾರ ಹೊಳೆ ದಂಡೆಯಲ್ಲಿ ವಿರೂಪಣ್ಣ ಮಾತು ತೆಗೆದ.

“ಹೈದರಾಬಾದಿನಾಗ ಹಳೇ ಗಾಡಿಗಳ ಮೇಳ ಅದ. ನವಾಬರ ಮಕ್ಕಳು ಬರ್ತಾರ, ಪುಣಾದವರು ಬರ್ತಾರ. ರಾಯಚೂರಿಂದ ಇವತ್ತಿನ ತನ ಯಾರೂ ಹೋಗಿಲ್ಲ. ಒಂದರೆ ಹೋಗಬೇಕು ನೋಡ್ರಿ. ಒಂದ ಗಾಡಿ, ಆದರ ಪೂರಾ ಛಲೋ ಗಾಡಿ.”

“ಯಾರ ಗಾಡಿ?” ಅಂದ ಮರಿಸ್ವಾಮಿ.

“ಯಾರದಾದರೇನಪಾ, ಎಲ್ಲಾ ನಮ್ಮವ. ಇಂಜಿನ್ ನಂದು ಗಟ್ಟಿ ಅದ. ಮ್ಯಾಲಿನ ಸಾಮಾನು ನಿಮ್ಮವು ಛಂದ ಅವ. ಮರಿಸ್ವಾಮಿ, ನಿನ್ನ ಹೆಡ್‌ಲೈಟ್. ವಹೀದಂದು ಸೀಟು.” ಆಮೇಲೆ ಅವನು ಜಹೀರುದ್ದೀನನ ಹೆಗಲ ಮೇಲೆ ಕೈ ಇಟ್ಟ. “ಟ್ಯಾಂಕ್ ಅಂತೂ ಈ ಜಿಲ್ಲಾದಾಗ ನಿಂದೊಂದ. ಆದರ ನೀ ಕೊಡಂಗಿಲ್ಲ ಬಿಡು. ಹೇಣ್ತಿಗಿಂತ ಹೆಚ್ಚು ಅದು ನಿನಗ.”

“ಹೇಣ್ತಿ ಇದ್ದರ ಹೋಲಿಸಿ ನೋಡಿ ಹೇಳತಿದ್ದೆ ಯಣ್ಣಾ,” ಅಂದ ಜಹೀರುದ್ದೀನ. ಎಲ್ಲರೂ ನಕ್ಕರು. ಆ ನಗುವಿನಲ್ಲೇ ಅವನು ಟ್ಯಾಂಕು ಕೊಟ್ಟ.

ಮಿಲ್ಲಿನ ಅಂಗಳದಲ್ಲಿ ಬೋಲ್ಟು ಬಿಚ್ಚಿದವನೂ ಅವನೇ. ಬೇರೆಯವರು ಬಿಚ್ಚಿದರೆ ನಿಕಲ್‌ಗೆ ಗೀರು ಬಿದ್ದೀತು ಅನ್ನುವ ಅಂಜಿಕೆ. ಬದಲಿಗೆ ಬಂದದ್ದು ವಿರೂಪಣ್ಣನ ಹಳೆಯ ಟ್ಯಾಂಕು. ಅಡಿಯಲ್ಲಿ ತುಕ್ಕು ಹಿಡಿದು ಸಣ್ಣಗೆ ಸೋರುತ್ತಿತ್ತು. ಜಹೀರುದ್ದೀನ ತೂತಿಗೆ ಬಟ್ಟೆ ಸೋಪು ತಿಕ್ಕಿ ಮುಚ್ಚಿ, ಫ್ಯಾಕ್ಟರಿಗೆ ಹೋಗಿ ಬರುವಷ್ಟು ನಡೆಸುತ್ತಿದ್ದ. ಗಾಡಿ ನಿಲ್ಲಿಸಿದಲ್ಲೆಲ್ಲ ಪೆಟ್ರೋಲಿನ ಹನಿ. “ಗಾಡಿಗೆ ಮೂಗು ಸುರೀತದ, ವೈದ್ಯರಿಗೆ ತೋರಸ್ರಿ ಬಾಬು,” ಅಂತ ಹಮಾಲರು ಅಂದರು. ಮೇಳ ಮುಗಿಯಲಿ ಅಂತ ಅವನು ಕಾದ. ಬೇಸಿಗೆ ಬಂತು. ಹತ್ತಿಯ ಹಂಗಾಮು ಮುಗಿಯಿತು. ಮಾನ್ವಿಯ ಕಡೆಯಿಂದ ಮಾತೇ ಇಲ್ಲ. ಭಾನುವಾರಗಳಲ್ಲಿ ಒಬ್ಬರಿಗೆ ಜ್ವರ, ಇನ್ನೊಬ್ಬರಿಗೆ ನೆಂಟರು. ಮೇಳ ಹೆಂಗಾಯಿತು ಅಂತ ಕೇಳಬೇಕೆನಿಸಿದರೂ, ಅದು ಟ್ಯಾಂಕು ಕೇಳಿದಂತಾದೀತು ಅಂತ ನಾಲಿಗೆ ಕಚ್ಚಿಕೊಂಡ. ಕಟ್ಟಳೆ ಹೇಳಿಕೊಡುವವನೇ ಮುರಿದರೆ?

ಒಂದು ದಿನ ವಿರೂಪಣ್ಣ ಫ್ಯಾಕ್ಟರಿ ಗೇಟಿಗೇ ಬಂದ. ಬಂದದ್ದು ಕೇಳಿಸಲೇ ಇಲ್ಲ, ಏಕೆಂದರೆ ಅವನು ಕೂತಿದ್ದು ಆಗ ತಾನೇ ಪೇಟೆಗೆ ಬಂದಿದ್ದ ಹೊಸ ಜಪಾನಿ ಗಾಡಿಯ ಮೇಲೆ. ಹೊಗೆ ಇಲ್ಲ, ಸಪ್ಪಳ ಇಲ್ಲ, ಹೊಲಿಗೆ ಯಂತ್ರದಂತೆ ಮೆತ್ತಗೆ ನಿಂತಿತು. ಹತ್ತಿಬೀಜದ ಮಾತಿಗೆ ಮಾಲಕರನ್ನು ನೋಡಲು ಬಂದಿದ್ದನಂತೆ.

“ಜಾವಾ ಯಣ್ಣಾ?” ಅಂದ ಜಹೀರುದ್ದೀನ.

“ದೇವದುರ್ಗದವರೊಬ್ಬರು ಬಾಳ ಗಂಟುಬಿದ್ದರು. ಕೊಟ್ಟೆ.”

“ಟ್ಯಾಂಕ್?”

ವಿರೂಪಣ್ಣ ಗಾಡಿಯ ಕನ್ನಡಿಯಲ್ಲಿ ಕ್ರಾಪು ತೀಡಿಕೊಂಡ. “ಕೊಟ್ಟಿದ್ದು ಕೇಳಬಾರದು ಅಂತ ಊರಿಗೆಲ್ಲ ಹೇಳಾವ ನೀನ ಅಲ್ಲೇನಲೇ?” ಅಂದು, ಬೆನ್ನು ತಟ್ಟಿ, ಆಫೀಸಿನೊಳಗೆ ಹೋದ.

ಆ ಮಧ್ಯಾಹ್ನವೇ ಜಹೀರುದ್ದೀನ ಕೋರ್ಟಿಗೆ ಹೋದ. ಬೇವಿನ ಗಿಡದ ನೆರಳಲ್ಲಿ ಟೈಪು ಮಾಡುತ್ತ ಕೂತಿದ್ದ ಮರಿಸ್ವಾಮಿಗೆ ಸುದ್ದಿ ಹೇಳಿದ. ಹೇಳುತ್ತ ಹೇಳುತ್ತ ಅವನ ಕಣ್ಣು, ಗಿಡಕ್ಕೆ ಒರಗಿಸಿದ್ದ ಇನ್ನೊಂದು ಹೊಸ ಜಪಾನಿ ಗಾಡಿಯ ಮೇಲೆ ಬಿತ್ತು. ಹ್ಯಾಂಡಲಿಗೆ ಪೂಜೆಯ ಹೂವು ಇನ್ನೂ ಒಣಗಿರಲಿಲ್ಲ.

“ನಿಂದ?”

ಮರಿಸ್ವಾಮಿ ಕಾಗದ ಎಳೆದು ತೆಗೆದು, ನೋಡಿ, ಮತ್ತೆ ಸೇರಿಸಿದ. “ನೋಡು ಜಹೀರಾ, ಈ ಗಾಡಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ವಿರೂಪಣ್ಣನ ಮಾವಂದು ಏಜೆನ್ಸಿ ಅದ. ನಮ್ಮ ಹೆಸರು ಮ್ಯಾಲ ತಂದಾನ. ಅದಕ್ಕ ಹೆಡ್‌ಲೈಟ್ ಕೊಟ್ಟೆ. ವಹೀದನೂ ಹಂಗ.”

“ಮೇಳ?”

“ಎಲ್ಲೀ ಮೇಳ?”

“ನಿನಗ ಗೊತ್ತಿತ್ತು.”

“ಎಲ್ಲರಿಗೂ ಗೊತ್ತಿತ್ತು. ನಿನಗ ಹೇಳಿದ್ದರ ನೀ ಟ್ಯಾಂಕ್ ಕೊಡತಿದ್ದಿಲ್ಲ. ಆ ಟ್ಯಾಂಕ್ ಇಲ್ಲದಿದ್ದರ ದೇವದುರ್ಗದವರು ಗಾಡಿ ಒಯ್ಯತಿದ್ದಿಲ್ಲ.” ಅವನ ದನಿಯಲ್ಲಿ ಕೆಡುಕು ಇರಲಿಲ್ಲ. ಅರ್ಜಿ ಓದಿ ಹೇಳಿದಂತೆ ಹೇಳಿದ. “ಸಿಟ್ಟಾಗಬ್ಯಾಡ. ಚಹಾ ಕುಡೀತೀಯೇನು?”

ಜಹೀರುದ್ದೀನ ಚಹಾ ಕುಡಿದ. ಕುಡಿಯಬಾರದಿತ್ತು ಅನ್ನುವುದು ಮನೆಗೆ ಬಂದ ಮೇಲೆ ಹೊಳೆಯಿತು. ಅವನ ಸಿಟ್ಟು ಯಾವತ್ತೂ ಕೊನೆಯ ಬಸ್ಸಿನಂತೆ. ಮಂದಿಯೆಲ್ಲ ಮನೆಗೆ ಹೋದ ಮೇಲೆ ಬರುವಂಥದ್ದು. ಗಾಡಿ ಮಾರಿದ್ದಕ್ಕಲ್ಲ, ಸುಳ್ಳು ಹೇಳಿದ್ದಕ್ಕೂ ಅಲ್ಲ. ಹೊಳೆ ದಂಡೆಯಲ್ಲಿ ತನ್ನ ಮಾತಿಗೆ ಎಲ್ಲರೂ ನಕ್ಕಿದ್ದರಲ್ಲ, ಆ ನಗು ಯಾವುದರದ್ದು ಅನ್ನುವುದು ಈಗ ತಿಳಿದು ಕಿವಿ ಕಾಯ್ದವು. ಆ ದಿನ ಎಲ್ಲರಿಗಿಂತ ಜೋರಾಗಿ ನಕ್ಕವನು ತಾನೇ. ಟ್ಯಾಂಕು ವಾಪಸು ತಂದೇ ತರುತ್ತೇನೆ, ಕಟ್ಟಳೆ ಹಾಳಾಗಲಿ, ಅಂದುಕೊಂಡ.

ಮುಂದಿನ ಭಾನುವಾರ ಸೋರುವ ಟ್ಯಾಂಕನ್ನು ಬಿಚ್ಚಿ ಗೋಣಿಚೀಲದಲ್ಲಿ ಹಾಕಿ, ಬೋಲ್ಟು ಬಿಚ್ಚುವ ಪಾನಾಗಳನ್ನು ಜೇಬಿಗಿಳಿಸಿ, ದೇವದುರ್ಗದ ಬಸ್ಸು ಹತ್ತಿದ. ಗಾಡಿ ಕೊಂಡವರ ಹೆಸರು ಶರಣಯ್ಯ, ಕಿರಾಣಿ ಅಂಗಡಿ, ಅಂತ ಮರಿಸ್ವಾಮಿ ಹೇಳಿದ್ದ. ಬೈದಾಡಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಕನ್ನಡದಲ್ಲೊಮ್ಮೆ, ದಖ್ಖನಿಯಲ್ಲೊಮ್ಮೆ ತಿರುವಿ ಹಾಕಿದ.

ಅಂಗಡಿಯಲ್ಲಿದ್ದವರು ವಿಭೂತಿ ಹಚ್ಚಿದ ನರೆಗೂದಲಿನ ಮನುಷ್ಯ. ‘ರಾಯಚೂರಿಂದ ಬಂದೀನ್ರಿ, ಜಾವಾದ ಸಲುವಾಗಿ’ ಅನ್ನುವಷ್ಟರಲ್ಲಿ ಅವರು ತಕ್ಕಡಿ ಕೆಳಗಿಟ್ಟು ಎದ್ದೇಬಿಟ್ಟರು.

“ಬರ್ರಿ ಸಾಬ್ರ, ಬರ್ರಿ. ಅಂತೂ ಬಂದ್ರಿ.” ಒಳಗೆ ತಿರುಗಿ ಕೂಗಿದರು, “ಏನ, ಜಾವಾ ಮಂದಿ ಬಂದಾರ ನೋಡು.”

ಹೆಂಡತಿ ಗುರುಶಾಂತಮ್ಮ ಚಹಾದ ಕಪ್ಪುಗಳ ತಾಟು ಹಿಡಿದು ಬಂದಳು. ಒಂದಲ್ಲ, ತಾಟು ತುಂಬ ಕಪ್ಪು. ಅವಳು ರಸ್ತೆಯ ಕಡೆ ನೋಡಿದಳು. “ಉಳಿದವರು ಹಿಂದ ಬರಾಕತ್ತಾರೇನಪಾ?”

ಜಹೀರುದ್ದೀನನಿಗೆ ತಯಾರಿ ಮಾಡಿಕೊಂಡು ಬಂದ ಬೈಗುಳ ಎರಡೂ ಭಾಷೆಯಲ್ಲಿ ಮರೆತುಹೋಯಿತು.

ಶರಣಯ್ಯನವರೇ ಮಾತಾಡಿದರು. “ನೀವೆಲ್ಲಾ ಒಂದು ಸಲ ಇಲ್ಲೇ ಮುಂದಿನ ಜಾಲಹಳ್ಳಿಗೆ ಹೋಗೋವಾಗ ಈ ಅಂಗಡಿ ಮುಂದ ಹಾದು ಹೋಗಿದ್ದಿರಿ. ನಾ ಕೈ ಎತ್ತಿದೆ. ನೀವು ಯಾರೂ ಎತ್ತಲಿಲ್ಲ. ಗಾಡಿ ಇದ್ದವರು ಗಾಡಿ ಇದ್ದವರಿಗೆ ಅಷ್ಟ ಎತ್ತತಾರ ಅಂತ ವಿರೂಪಣ್ಣ ಹೇಳಿದರು. ಅದಕ್ಕ ತಗೊಂಡೆ. ಭಾನುವಾರಕ್ಕೊಮ್ಮೆ ಮಂದಿ ಬರ್ತಾರ, ನಿಮ್ಮನ್ನ ಕರಕೊಂಡು ಹೋಗ್ತಾರ ಅಂದಿದ್ದರು. ನಾ ಭಾನುವಾರ ಸಂತಿಗೂ ಹೋಗಂಗಿಲ್ಲ ಈಗ.”

“ಇವರಿಗೆ ಗೇರ್ ಹಾಕಾಕ ಬರಂಗಿಲ್ಲ,” ಅಂದಳು ಗುರುಶಾಂತಮ್ಮ. “ದಿನಾ ಒರಸ್ತಾರ. ಒರಸೂದೊಂದು ಬರತದ.”

ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಗಾಡಿ ನಿಂತಿತ್ತು. ಮರಿಸ್ವಾಮಿಯ ಹೆಡ್‌ಲೈಟು, ವಹೀದನ ಸೀಟು, ನಡುವೆ ತನ್ನ ಟ್ಯಾಂಕು. ತಾನು ಇಟ್ಟಿದ್ದಕ್ಕಿಂತ ಹೆಚ್ಚು ಹೊಳೆಯುತ್ತಿತ್ತು. ಜಹೀರುದ್ದೀನ ಗೋಣಿಚೀಲ ಕೆಳಗಿಟ್ಟು, ನಡೆದದ್ದನ್ನೆಲ್ಲ ಹೇಳಿದ. ಯಾವುದು ಯಾರದು, ಯಾಕೆ ಕೊಟ್ಟರು, ಯಾರು ಯಾವ ಗಾಡಿ ಹತ್ತಿದರು. ಹೇಳುವಾಗ ಶರಣಯ್ಯನವರ ಮುಖ ನೋಡಲಿಲ್ಲ.

ಕೇಳಿ ಮುಗಿಸಿ ಅವರು, “ಹಂಗಾದರ ಭಾನುವಾರ ಯಾರೂ ಬರಂಗಿಲ್ಲ,” ಅಂದರು. ಟ್ಯಾಂಕಿನ ಮಾತು ಎತ್ತಲೇ ಇಲ್ಲ.

“ಇಲ್ರಿ.”

“ನಿಮ್ಮದು ನೀವು ಒಯ್ಯರಿ ಸಾಬ್ರ. ಬ್ಯಾರೇದವರ ಸಾಮಾನು ಮನಿಯಾಗ ಇಟಗೊಂಡರ ನಿದ್ದಿ ಬರಂಗಿಲ್ಲ.”

ಬೇಡ ಅನ್ನಬಹುದಿತ್ತು. ಬೇಡ ಅನ್ನುವ ಮನುಷ್ಯ ತಾನು ಅಂತ ಅವನು ಅಷ್ಟು ದಿನ ನಂಬಿದ್ದ. ಆದರೆ ಕೈ ಆಗಲೇ ಜೇಬಿನಲ್ಲಿತ್ತು, ಪಾನಾ ಹಿಡಿದಿತ್ತು. ಪೆಟ್ರೋಲು ಡಬ್ಬಿಗೆ ಬಸಿದು, ಸೀಟು ಎತ್ತಿ, ಬೋಲ್ಟು ಬಿಚ್ಚಿ ತನ್ನದನ್ನು ತೆಗೆದ, ಸೋರುವುದನ್ನು ಕೂಡಿಸಿದ. ಒರೆಸಿ ಇಟ್ಟ ಗಾಡಿಯ ಮೇಲೆ ಆ ತುಕ್ಕು ಹಿಡಿದ ತಗಡು, ಮದುಮಗನಿಗೆ ಹರಕು ರುಮಾಲು ಸುತ್ತಿದಂತೆ ಕಂಡಿತು.

“ಇಲ್ಲಿ ಸೋರತದ್ರಿ. ಸೋಪು ಹಚ್ಚಿದರ ನಡೀತದ,” ಅಂದ.

“ಯಾವ ಸೋಪು?” ಅಂತ ಶರಣಯ್ಯ ಕೇಳಿದರು. ಕೇಳಿದ್ದು ಕುಚೋದ್ಯಕ್ಕಲ್ಲ. ಅವರು ನಿಜವಾಗಿಯೂ ತಿಳಿದುಕೊಳ್ಳಬೇಕಾಗಿತ್ತು.

“ಬಟ್ಟಿ ಒಗೆಯೋದು.”

“ಅಂಗಡ್ಯಾಗ ಅದ ಬಿಡ್ರಿ.” ಆಮೇಲೆ, ಬಾಗಿಲ ತನಕ ಬಂದು, “ನೀವರೆ ಬರ್ತೀರೇನು, ಬರೋ ಭಾನುವಾರ? ಗೇರ್ ಹಾಕೋದು ತೋರಸಾಕ?”

“ಬರ್ತೀನ್ರಿ,” ಅಂದ ಜಹೀರುದ್ದೀನ. ವಿರೂಪಣ್ಣನೂ ಇದೇ ಬಾಗಿಲಲ್ಲಿ ನಿಂತು, ಇದೇ ದನಿಯಲ್ಲಿ ಅಂದಿದ್ದಿರಬೇಕು. ಗುರುಶಾಂತಮ್ಮ ತಾಟಿನ ಕಪ್ಪುಗಳನ್ನು ಒಂದೊಂದಾಗಿ ಒಳಗೆ ಒಯ್ಯುತ್ತಿದ್ದಳು.

ವಾಪಸು ಬಸ್ಸಿನಲ್ಲಿ ಟ್ಯಾಂಕನ್ನು ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡ. ಪೆಟ್ರೋಲಿನ ವಾಸನೆಗೆ ಮುಂದಿನ ಸೀಟಿನ ಹೆಂಗಸು ಸೆರಗು ಮೂಗಿಗೆ ಹಿಡಿದಳು. ಕಂಡಕ್ಟರ್ ಬಂದು ಗೋಣಿಯ ಸಂದಿನಿಂದ ಹೊಳೆಯುವುದನ್ನು ಇಣುಕಿ ನೋಡಿದ.

“ಏನಪಾ ಇದು?”

“ಗಾಡಿ ಟ್ಯಾಂಕ್ರಿ.”

“ಗಾಡಿ ಎಲ್ಲದ?”

“ಮನ್ಯಾಗ ಅದ್ರಿ.”

“ಗಾಡಿ ಮನ್ಯಾಗ, ಟ್ಯಾಂಕ್ ಬಸ್ಸಿನಾಗ. ಎಲ್ಲಿಂದ ಎತ್ತಿದಿಲೇ?” ಅಂದ ಕಂಡಕ್ಟರ್. ಬಸ್ಸಿನಲ್ಲಿದ್ದವರು ನಕ್ಕರು.

ಈ ಸಲ ಜಹೀರುದ್ದೀನನಿಗೆ ಅವರಿಗಿಂತ ಮೊದಲು ನಗಲು ಆಗಲಿಲ್ಲ. “ನಂದ್ರಿ,” ಅಂದ. ಕಂಡಕ್ಟರ್ ಇನ್ನೂ ಮುಖ ನೋಡುತ್ತಲೇ ನಿಂತಿದ್ದ. “ನಂದ ಅದ್ರಿ ಇದು,” ಅಂತ ಮತ್ತೊಮ್ಮೆ ಅಂದು, ಗೋಣಿಯ ಬಾಯಿಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡ.