ಖಂಡೆಪೂಜೆಯಿಂದ ಎತ್ತಿದ ಪಾನಾ

ನನ್ನನ್ನು ನೋಡಲು ಗಂಡಿನವರು ನರಗುಂದದಿಂದ ಗಜೇಂದ್ರಗಡಕ್ಕೆ ಬಂದದ್ದು ದಸರೆಯ ದಿನ ಬೆಳಿಗ್ಗೆ. ನಮ್ಮ ಸೀಮೆ ಆಗಿನ್ನೂ ಮುಂಬಯಿ ರಾಜ್ಯದಲ್ಲಿತ್ತು. ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಕೊಂಡ ಹಳೆಯ ಜೀಪು, ಅದರ ಮೂತಿಗೆ ಚೆಂಡುಹೂವಿನ ಹಾರ, ಒಳಗೆ ಹುಡುಗ ಮತ್ತು ಅವನ ಸೋದರತ್ತೆ. ತಾಯಿಯಿಲ್ಲದ ಹುಡುಗ, ಹೂಂ ಅನ್ನುವುದೂ ಊಹೂಂ ಅನ್ನುವುದೂ ಅತ್ತೆಯ ಕೈಯಲ್ಲೇ. ಹಿಂದೆ ಬಂದವರೆಲ್ಲ ನನಗೆ ಬಾಯಿ ಜೋರು ಎಂದು ಬಿಟ್ಟು ಹೋಗಿದ್ದರಿಂದ, ಇವತ್ತು ತುಟಿ ಪಿಟಕ್ ಅನ್ನಬಾರದೆಂದು ಅವ್ವನ ತಾಕೀತು ಆಗಿತ್ತು.

ನಾನು ನೆಲ ನೋಡುತ್ತ ಕೂತೆ. ಹುಡುಗ ನನ್ನನ್ನು ನೋಡಲೇ ಇಲ್ಲ. ಅವನ ಕಣ್ಣೆಲ್ಲ ಹೊರಗಿನ ಜೀಪಿನ ಮೇಲೆ. ಕಾರಣ ಅತ್ತೆಯೇ ಹೇಳಿದರು. ಊರ ಹೊರಗಿನ ಇಳಿಜಾರಿನಲ್ಲಿ ಬ್ರೇಕ್ ತುಳಿದರೆ ಪೆಡಲ್ ಸೀದಾ ತಳ ಮುಟ್ಟಿತ್ತಂತೆ.

"ಇದ್ದಬಿದ್ದ ದೇವರನ್ನೆಲ್ಲಾ ಕರದೆ ನೋಡ್ರಿ. ಎದುರಿಗೆ ಬಂದ ಎಮ್ಮಿನ ಹೆದರಿ ದಾರಿ ಬಿಡ್ತು!"

ಬ್ರೇಕಿನ ಎಣ್ಣೆಯ ಕೊಳವೆಯಲ್ಲಿ ಗಾಳಿ ಸೇರಿತ್ತು. ಚಕ್ರದ ಹಿಂದಿರುವ ಸಣ್ಣ ನಿಪ್ಪಲ್ ಸಡಿಲಿಸಿ ಆ ಗಾಳಿಯನ್ನು ಹೊರಗೆ ಬಿಡಬೇಕು. ಹುಡುಗನ ಹತ್ತಿರ ಎಣ್ಣೆ ಬಾಟಲಿ ಇತ್ತು, ನಿಪ್ಪಲ್ ತಿರುವುವ ಪಾನಾ, ಅಂದರೆ ಸ್ಪ್ಯಾನರ್, ಇರಲಿಲ್ಲ. ಅವನ ಪಾನಾಗಳು ನರಗುಂದದಲ್ಲಿ ದೇವರ ಮುಂದೆ ಕೂತಿದ್ದವು. ನಮ್ಮ ಅಪ್ಪನ ಹಿಟ್ಟಿನ ಗಿರಣಿಯವೂ ಖಂಡೆಪೂಜೆಯಲ್ಲಿ, ಅಂದರೆ ಆಯುಧಪೂಜೆಯಲ್ಲಿ, ಕುಂಕುಮ ಹಚ್ಚಿಸಿಕೊಂಡು ಸಾಲಾಗಿ ಮಲಗಿದ್ದವು. ಸಂಜೆ ಬನ್ನಿ ಮುಡಿಯುವ ತನಕ ಅವನ್ನು ಮುಟ್ಟುವ ಹಾಗಿಲ್ಲ. ಊರಿನ ಪಾನಾಗಳಿಗೆಲ್ಲ ಅಂದು ರಜೆ. ಪೂಜೆ ತಪ್ಪಿಸಿಕೊಂಡದ್ದು ಒಂದೇ: ಅವ್ವ ಒಲೆಯಿಂದ ಬಿಸಿ ಪಾತ್ರೆ ಇಳಿಸಲು ಇಟ್ಟುಕೊಂಡಿದ್ದ, ಬಾಯಿ ಸಡಿಲಾದ ಸ್ಕ್ರೂ ಪಾನಾ.

ಅದನ್ನೇ ಹಿಡಿದು ಹುಡುಗ ಬಿಳಿ ಧೋತರದಲ್ಲೇ ಜೀಪಿನ ಕೆಳಗೆ ತೂರಿದ. ತಿರುವಿದ, ಜಾರಿತು. ಮತ್ತೆ ತಿರುವಿದ, ಮತ್ತೆ ಜಾರಿತು. ನಿಪ್ಪಲಿನ ಮೂಲೆ ಸವೆಯುವ ಸದ್ದು ಗಿರಣಿಯಲ್ಲಿ ಬೆಳೆದ ನನಗೆ ಗೊತ್ತು. ಹಲ್ಲು ಕಚ್ಚಿಕೊಂಡೆ. ತಡೆಯಲಾಗಲಿಲ್ಲ.

"ಅದನ್ನ ಬಿಡ್ರಿ! ಮೂಲಿ ಸವದ್ರ ಕೆಲಸ ಕೆಟ್ಟಂಗ. ಆರೂ ಮೂಲಿ ಹಿಡಿಯೋ ರಿಂಗ್ ಪಾನಾ ಬೇಕು."

ಅವ್ವ ಹಣೆ ಬಡಿದುಕೊಂಡಳು. ನಾನು ಆಗಲೇ ದೇವರ ಮನೆಯಲ್ಲಿದ್ದೆ. ದೊಡ್ಡದು ಬಿಟ್ಟು, ತೀರಾ ಸಣ್ಣದು ಬಿಟ್ಟು, ನಿಪ್ಪಲಿಗೆ ಬಿಗಿಯಾಗಿ ಕೂರುವುದನ್ನು ಆರಿಸಿ ಎತ್ತಿದೆ. ಅಪ್ಪ ಕಣ್ಣು ಮುಚ್ಚಿ ಕೈ ಮುಗಿದ.

"ತಾಯಿ, ಒಂದ ಪಾನಾ ಅಷ್ಟ. ಉಳಿದಾವು ಇಲ್ಲೇ ಅದಾವ."

ಪಾನಾ ಸರಿಯಾಗಿ ಕೂತಿತು. ಅವನು ಕೆಳಗೆ ನಿಪ್ಪಲ್ ತೆರೆಯುವಾಗ ಮೇಲೆ ಪೆಡಲ್ ತುಳಿದು ಹಿಡಿಯಲು ಇನ್ನೊಬ್ಬರು ಬೇಕಿತ್ತು. ಅಪ್ಪನಿಗೆ ಮೊಣಕಾಲು ನೋವು. ಸೀರೆ ಸಿಕ್ಕಿಸಿಕೊಂಡು ನಾನೇ ಹತ್ತಿ ಕೂತೆ.

"ಒತ್ರಿ," ಎಂದಿತು ಕೆಳಗಿನ ದನಿ. "ಹಂಗ ಹಿಡೀರಿ."

ಹುಡುಗ ನನ್ನೊಂದಿಗೆ ಆಡಿದ ಮೊದಲ ಮಾತು ಅದು.

ಅಷ್ಟರಲ್ಲಿ ಅತ್ತೆ ಅಂಗಳಕ್ಕೆ ಬಂದು, ಸೆರಗು ಸರಿ ಮಾಡಿಕೊಂಡು, ಕಾಲು ಜೋಡಿಸಿ ನಿಂತರು.

"ಇಳಿದು ಬಾರವಾ, ಹಿರಿಯಾರಿಗೆ ನಮಸ್ಕಾರ ಮಾಡು."

ಹೊರಡುವ ಮುಂಚೆ ಹುಡುಗಿ ಕಾಲಿಗೆ ಬೀಳದಿದ್ದರೆ ಸಂಬಂಧ ಮುರಿದಂತೆಯೇ. ಧೋತರಕ್ಕೆಲ್ಲ ಎಣ್ಣೆಯಾದರೂ ಮುಖ ಸಿಂಡರಿಸದ ಆ ಹುಡುಗ ನನಗೆ ಹಿಡಿಸಿಬಿಟ್ಟಿದ್ದ. ಇಳಿದುಬಿಡಲೇ ಎಂದು ಜೀವ ಒದ್ದಾಡಿತು. ಆದರೆ ನಿಪ್ಪಲ್ ತೆರೆದಿತ್ತು.

"ಈಗ ಬರಾಕ ಆಗಂಗಿಲ್ರಿ," ಎಂದೆ.

ಅವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ನನಗ ಆಗಂಗಿಲ್ಲಂತೀಯಾ?" ಅತ್ತೆಯ ದನಿ ಏರಿತು.

"ಅತ್ತಿ," ಎಂದ ಹುಡುಗ ಚಕ್ರದ ಹಿಂದಿನಿಂದ, "ಅವರು ಕಾಲು ತಗದ್ರ ಗಾಳಿ ಮತ್ತ ಒಳಗ ಹೋಗತೈತಿ. ಹೋಗೂಮುಂದನೂ ಬ್ರೇಕ್ ಹಿಡಿಯಂಗಿಲ್ಲ."

ಅತ್ತೆ ಜೋಡಿಸಿದ ಕಾಲುಗಳನ್ನು ಸರಕ್ಕನೆ ಹಿಂದೆ ಎಳೆದುಕೊಂಡರು.

"ಇಳಿಬ್ಯಾಡ ನನ್ನವ್ವಾ! ನಿನ್ನ ಕಾಲು ಅಲ್ಲೇ ಇರಲಿ. ನಮಸ್ಕಾರ ಮದುವಿ ದಿನಾ ಮಾಡೀಯಂತ."