“ಹೋಗ್ತೇವೆ” ಅಂದುಬಿಟ್ಟ

ನಮ್ಮ ಬ್ಯಾಂಡಿನ ಕೊನೆಯ ಕಾರ್ಯಕ್ರಮ ಮುಗಿದು ಒಂಬತ್ತು ದಿನವಾಯಿತು. ಇವತ್ತಿಗೂ ಕೈಗೆತ್ತಿಕೊಂಡ ಕೆಲಸ ಅಲ್ಲಲ್ಲೇ ನಿಂತುಬಿಡುತ್ತದೆ. ಅಳು ನನಗೆ ಬರುವುದಿಲ್ಲ, ಆವತ್ತೂ ಬರಲಿಲ್ಲ. ಆದರೆ ಒಂದು ಮಾತು ಕಿವಿಗೆ ಬಿತ್ತಲ್ಲ, ಆ ಪೆಟ್ಟು ಇನ್ನೂ ಇಳಿದಿಲ್ಲ.

ಬ್ಯಾಂಡ್ ಅಂದರೆ ಮದುವೆಯ ವಾಲಗ ಅಲ್ಲ, ರಾಕ್ ಬ್ಯಾಂಡ್. ಹಾಡುವವನೊಬ್ಬ, ಗಿಟಾರಿನವರಿಬ್ಬರು, ಡ್ರಮ್ಮಿನವನೊಬ್ಬ. ಸುಂಟಿಕೊಪ್ಪದ ಆಚೆ ನಮ್ಮ ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ ಕೆಟ್ಟು ಕೂತಿದ್ದ ಹಳೆಯ ಶೆಡ್ಡು ಒಂದಿತ್ತು. ಸಾಹುಕಾರರನ್ನು ಕೇಳಿಕೊಂಡು ಅಲ್ಲೇ ಶುರು ಮಾಡಿದರು. ಇಪ್ಪತ್ತು ವರ್ಷದ ಮೇಲಾಯಿತು. ಶೆಡ್ಡಿಗೂ ಕೂಲಿಯವರ ಸಾಲಿನಲ್ಲಿರುವ ನನ್ನ ಲೈನ್ ಮನೆಗೂ ಮೂವತ್ತು ಹೆಜ್ಜೆ. ಮೊದಲ ಭಾನುವಾರ ನಾನು ಪೊರಕೆ ಹಿಡಿದೇ ಹೋದೆ.

“ಯಾರ ತಿಥಿ ಮಾಡ್ತಿದ್ದೀರ್ಲಾ ಇಲ್ಲಿ? ನಮ್ ಕೋಳಿ ಮೊಟ್ಟೆ ಇಕ್ಕೋದ್ನೇ ಬಿಟ್ಟವೆ!”

ಹಾಡುವವನು ಬಿಟ್ಟಂಗಾಲದ ಕಡೆಯವನು. ನಕ್ಕ. “ಇನ್ನೊಂದೇ ಹಾಡು ಅಕ್ಕ. ಮತ್ತೆ ಹೋಗ್ತೇವೆ.”

ಗದ್ದಲಕ್ಕಿಂತ ಆ ಮಾತಿಗೆ ನನಗೆ ಮೈ ಉರಿಯಿತು. “ಹೋಗ್ತೇವೆ ಅಂತಾರೇನ್ಲಾ? ಹೋಗೋದು ಹೆಣ. ಬದುಕಿರೋರು ಬತ್ತೀವಿ ಅಂತಾರೆ. ನಿಮ್ಮವ್ವ ಕಲಿಸ್ನಿಲ್ವಾ?”

“ತಪ್ಪಾಯ್ತು ಅಕ್ಕ. ಬರ್ತೇವೆ.”

“ಬನ್ನಿ,” ಅಂದೆ. ಬಾಯಿಗೆ ರೂಢಿಯಾದ ಮಾತು, ತಾನಾಗಿ ಬಂತು. ಮುಂದಿನ ಭಾನುವಾರ ಬಂದೇಬಿಟ್ಟರು.

ನನ್ನ ಬೈಗುಳವನ್ನು ಅವನು ಸ್ಟೇಜಿಗೂ ಒಯ್ದ. ಎಲ್ಲಿ ಹಾಡಿದರೂ ಕೊನೆಗೆ ಮೈಕು ಹಿಡಿದು “ಬರ್ತೇವೆ!” ಅನ್ನುವನು. ಜನ “ಬನ್ನಿ!” ಎಂದು ಕೂಗುವರು. ಮಡಿಕೇರಿಯಿಂದ ಶಿರಂಗಾಲದವರೆಗೆ ಅವರ ಅಭಿಮಾನಿಗಳಿಗೆಲ್ಲ ಅದು ಬಾಯಿಪಾಠ. ಅವರ ಹಾಡು ನನಗೆ ಅರ್ಧ ಅರ್ಥವಾಗುತ್ತದೆ. ಡ್ರಮ್ಮು ಮಾತ್ರ ಪೂರ್ತಿ ಅರ್ಥವಾಗುತ್ತದೆ. ಅದು ಕೇಳದ ಭಾನುವಾರ ನನಗೆ ಒಗೆದ ಬಟ್ಟೆಯೂ ಒಗೆದಂತೆ ಅನಿಸುತ್ತಿರಲಿಲ್ಲ.

ಈ ಸಲ ಪೋಸ್ಟರಿನಲ್ಲಿ “ಕೊನೆಯ ಕಾರ್ಯಕ್ರಮ” ಎಂದಿತ್ತು. ಒಂದೊಂದೇ ಅಕ್ಷರ ಕೂಡಿಸಿ ಓದಿ, ಸುಂಟಿಕೊಪ್ಪದ ಟೈಲರನ ಹತ್ತಿರ ಹೋದೆ. ಬ್ಯಾಂಡಿನ ಕಪ್ಪು ಅಂಗಿಗಳನ್ನೆಲ್ಲ ಹೊಲಿದವನು ಅವನೇ. ನನಗಿಂತ ದೊಡ್ಡ ಹುಚ್ಚ.

“ಅದೆಲ್ಲ ಸುಮ್ಮನೆ ಅಜ್ಜಿ,” ಅಂದ. “ನನ್ನ ಪಕ್ಕದ ಬಟ್ಟೆ ಅಂಗಡಿಯವ ‘ಕೊನೆಯ ಮೂರು ದಿನ’ ಅಂತ ಬೋರ್ಡ್ ಹಾಕಿ ನಾಲ್ಕು ವರ್ಷ ಆಯ್ತು.”

ನಾನೂ ನಂಬಿದೆ. ನಂಬುವುದು ಸುಲಭವಾಗಿತ್ತು.

ಸಂಜೆ ಕಾಡಾನೆ ರಸ್ತೆಗೆ ಇಳಿಯುವುದರೊಳಗೆ ಜನ ಮನೆ ಸೇರಬೇಕೆಂದು ಮಧ್ಯಾಹ್ನವೇ ಶುರು ಮಾಡಿದರು. ಸುಂಟಿಕೊಪ್ಪದ ಮೈದಾನ ತುಂಬಿತ್ತು. ನಮ್ಮ ಲೈನಿನ ನನ್ನ ಪಕ್ಕದ ಮನೆಯ ತಮಿಳಿನವಳು ಗೋಣಿಚೀಲ ಹಾಸಿ ಮುಂದೆಯೇ ಜಾಗ ಹಿಡಿದಿದ್ದಳು. ಬ್ಯಾಂಡಿನ ನಾಲ್ವರ ತಲೆಯೂ ನರೆತಿತ್ತು. ಆದರೂ ಚೆನ್ನಾಗಿಯೇ ಬಾರಿಸಿದರು. ಡ್ರಮ್ಮಿನವನು ಹಾಡು ಹಾಡಿನ ನಡುವೆ ಬಲಗೈ ತೊಡೆಯ ಮೇಲೆ ಇಟ್ಟು ಕೂರುತ್ತಿದ್ದ. ಕಂಡೆ. ಕಂಡರೂ ತಲೆಗೆ ಹೋಗಲಿಲ್ಲ.

ಕೊನೆಯ ಹಾಡು ಮುಗಿಯಿತು. ಹಾಡುವವನು ಮೈಕು ಹಿಡಿದು ನಮ್ಮೆಲ್ಲರನ್ನೂ ನೋಡಿ ಒಂದೇ ಮಾತು ಹೇಳಿದ.

“ಹೋಗ್ತೇವೆ.”

“ಬನ್ನಿ!” ಎಂದು ಇಡೀ ಮೈದಾನ ಕೂಗಿತು. ನಾನೂ ಕೂಗಿದೆ. ಕೂಗಿ ಆದ ಮೇಲೆ ತಿಳಿಯಿತು ಅವನು ಅಂದದ್ದು ಏನೆಂದು. ಎತ್ತಿದ ಕೈ ಎತ್ತಿದ ಹಾಗೇ ಉಳಿಯಿತು. ಸುತ್ತ ನೋಡಿದೆ, ಎಲ್ಲರದೂ ಹಾಗೇ. ಜನರೇಟರ್ ಒಂದು ಗುರುಗುಟ್ಟುತ್ತಿತ್ತು. ಟೈಲರ್ “ಪಡಚೋನೇ,” ಎಂದು ದೇವರನ್ನು ಕರೆದ. ನಾವು ತಿರುಗಿ ನೋಡುವಷ್ಟರಲ್ಲಿ ಸ್ಟೇಜು ಖಾಲಿ.

ಮರುದಿನ ಟೀ ಅಂಗಡಿಯಲ್ಲಿ ಇದೇ ಮಾತು.

“ನಾಲಿಗೆ ತಪ್ಪಿತು, ಅಷ್ಟೇ,” ಅಂದ ಟೈಲರ್. ಕಣ್ಣು ನೋಡಿದರೆ ರಾತ್ರಿ ನಿದ್ದೆ ಮಾಡಿದಂತಿರಲಿಲ್ಲ. “ಅಜ್ಜಿ, ನೀವು ಹೇಳಿ. ನಿಮಗೆ ಅವನು ಮೊದಲಿಂದ ಗೊತ್ತಲ್ಲ. ತಪ್ಪಿದ್ದು ತಾನೆ? ತಪ್ಪಿದ್ದಾದ್ರೆ ಪುನಃ ಬರ್ತಾರೆ.”

ಹೌದು ಅನ್ನಬಹುದಿತ್ತು. ಅಂಗಡಿಯಲ್ಲಿದ್ದವರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು.

“ತಪ್ಪಿಲ್ಲ ಕಣಪ್ಪ,” ಅಂದೆ. “ಆ ಮಾತು ಆಡಬಾರ್ದು ಅಂತ ಅವನಿಗೆ ಪೊರಕೆ ಹಿಡ್ದು ಕಲಿಸ್ದೋಳು ನಾನು. ಗೊತ್ತಿದ್ದೇ ಅಂದವ್ನೆ.”

ಟೈಲರ್ ಲೋಟ ಕೆಳಗಿಟ್ಟು ಎದ್ದು ಹೋದ. ಪಕ್ಕದ ಮನೆಯವಳು, “ನಿನ್ ಬಾಯಲ್ಲಿ ಒಂದ್ ಒಳ್ಳೆ ಮಾತ್ ಬರಲ್ವಾಕ್ಕಾ?” ಎಂದು ಬೈದಳು. ಬೈಯಲಿ. ಆದರೆ ಅಷ್ಟು ಗಟ್ಟಿಯಾಗಿ ಹೇಳಿದವಳಿಗೂ ಒಳಗೆ ಒಂದು ಆಸೆ ಇತ್ತು, ನಾನು ಹೇಳಿದ್ದು ಸುಳ್ಳಾಗಲಿ ಎಂದು.

ನಿನ್ನೆ ಹಾಡುವವನು ಶೆಡ್ಡಿನ ಬೀಗದಕೈ ಕೊಡಲು ಬಂದ. ಕೂರು ಅನ್ನುವ ಮೊದಲೇ ಕೇಳಿದೆ.

“ಬೇಕಂತ್ಲೇ ಅಂದ್ಯಾ?”

“ಹೂಂ ಅಜ್ಜಿ. ಡ್ರಮ್ಮಿನವನ ಭುಜ ಇನ್ನು ಏಳುದಿಲ್ಲ. ಅವನ ಜಾಗದಲ್ಲಿ ಬೇರೆ ಯಾರನ್ನೂ ಕೂರಿಸುದಿಲ್ಲ ಅಂತ ಮಾಡಿದ್ದೇವೆ. ಬರ್ತೇವೆ ಅಂತ ಹೇಳಿ ಬರದೇ ಇದ್ರೆ ನೀವೇ ಬೈತಿದ್ರಿ.”

ಬೈಯುತ್ತಿದ್ದೆ, ನಿಜ. ಕಾಫಿ ಕಾಯಿಸಿ ಕೊಟ್ಟೆ. ಕುಡಿದ. ಎದ್ದು ಮೆಟ್ಟಿಲಿಳಿದವನು ತಿರುಗಿ ನಿಂತ.

“ಬರ್ತೇನೆ ಅಜ್ಜಿ.”

“ಯಾರು? ಬ್ಯಾಂಡಾ, ನೀನಾ?”

“ನಾನು. ಒಬ್ಬನೇ.”

“ಬಾ,” ಅಂದೆ.

ಬೀಗದಕೈಯನ್ನು ಸಾಹುಕಾರರಿಗೆ ಮುಟ್ಟಿಸಬೇಕು. ಇನ್ನೂ ಮುಟ್ಟಿಸಿಲ್ಲ. ಅಕ್ಕಿ ಡಬ್ಬದ ಮೇಲಿದೆ.