ಶುಗರ್ ಇಲ್ಲದ ಮಾಸ್ಟರ್

ನಮ್ಮ ಬೀದಿಯ ಟೈಲರನ್ನು ಎಲ್ಲರೂ ಮಾಸ್ಟರ್ ಎಂದೇ ಕರೆಯುತ್ತಿದ್ದರು. ಗಿರಾಕಿಯ ಸಮಾಧಾನಕ್ಕೆ ಕುತ್ತಿಗೆಗೆ ಟೇಪು ಸುತ್ತಿದರೂ ಅವರ ಕಣ್ಣೇ ಟೇಪು. ಆಚೆ ಬದಿ ಬಸ್ಸಿನಿಂದ ಇಳಿದವನು ರಸ್ತೆ ದಾಟುವಷ್ಟರಲ್ಲಿ ಅವನ ಪ್ಯಾಂಟಿಗೆ ಬಟ್ಟೆ ಕತ್ತರಿಸಿ ಆಗಿರುತ್ತಿತ್ತು. ದಾರಿಯಲ್ಲಿ ಆತ ಒಂದು ಬನ್ ತಿಂದರೆ ಅದಕ್ಕೂ ಅರ್ಧ ಇಂಚು ಬಿಟ್ಟಿರುತ್ತಿದ್ದರು.

ಅಂಥವರಿಗೆ ತಮ್ಮ ಸೊಂಟ ಮಾತ್ರ ಕಣ್ಣಿಗೆ ಬೀಳಲಿಲ್ಲ. ನಲವತ್ತೊಂದನೆಯ ವಯಸ್ಸಿನಲ್ಲಿ ಪ್ಯಾಂಟು ಜಾರತೊಡಗಿದಾಗ ಮೂರು ಸಲ ಹಿಡಿದು ಹೊಲಿದರು. ಬಟ್ಟೆಯೇ ಹಿಗ್ಗುತ್ತಿದೆ ಎಂದು ನೇಯ್ದವರನ್ನು ಬೈದರು. ನಾಲ್ಕನೆಯ ಸಲ ಹೆಂಡತಿ ಡಾಕ್ಟರ ಬಳಿ ಎಳೆದುಕೊಂಡು ಹೋದರು. ಸಕ್ಕರೆ ಕಾಯಿಲೆ. ಅಂದಿನಿಂದ ಮಾತ್ರೆ, ನಡಿಗೆ, ಸಪ್ಪೆ ಚಹಾ. ಕೈ ನಡುಗುವ ಟೈಲರ್ ಎಂದುಕೊಂಡಾರೆಂದು ಗಿರಾಕಿಗಳಿಗೆ ಮಾತ್ರ ಗುಟ್ಟು ಬಿಟ್ಟುಕೊಡಲಿಲ್ಲ.

ಕೊರೊನಾ ಬಂತು, ಅದರ ಹಿಂದೆ ಲಸಿಕೆಯೂ ಬಂತು. ಮೊದಲು ಅರವತ್ತು ದಾಟಿದವರಿಗೆ, ಕಾಯಿಲೆ ಇದ್ದವರಿಗೆ. ಮಾಸ್ಟರಿಗೆ ಐವತ್ತೆರಡು. ಪಟ್ಟಿ ಹಿಡಿದ ನರ್ಸ್ ಅಂಗಡಿಯ ಬಾಗಿಲಲ್ಲಿ ನಿಂತು ಕೇಳಿದರು.

"ಮಾಸ್ಟರೇ, ಶುಗರ್ ಇದೆಯಾ?"

ಹಿಂದಿನ ದಿನವಷ್ಟೇ ರಕ್ತದ ರಿಪೋರ್ಟು ನಾರ್ಮಲ್ ಬಂದು, ಡಾಕ್ಟರು ಬೆನ್ನು ತಟ್ಟಿದ್ದರು. ಎದುರಿಗೆ ಇಬ್ಬರು ಗಿರಾಕಿಗಳು ಬೇರೆ.

"ಇಲ್ಲಮ್ಮ."

ನರ್ಸ್ ಹಾಗೇ ಬರೆದುಕೊಂಡು ಹೋದರು. ಮಧ್ಯಾಹ್ನ ವಿಷಯ ತಿಳಿದ ಹೆಂಡತಿ ಸೌಟು ಕೆಳಗಿಟ್ಟರು.

"ಇಲ್ಲ ಅಂದ್ರಾ? ಮತ್ತೆ ದಿನಾ ಮಾತ್ರೆ ನುಂಗೋದು ಯಾರು, ಹೊಲಿಗೆ ಮಿಷನ್ನಾ?"

"ರಿಪೋರ್ಟಲ್ಲಿ ಇಲ್ಲ ಅಂತಾನೇ ಬಂದಿದೆಯಲ್ಲೇ."

"ಅದು ಹದ್ದುಬಸ್ತಲ್ಲಿದೆ ರೀ, ಮನೆ ಖಾಲಿ ಮಾಡ್ಕೊಂಡು ಹೋಗಿಲ್ಲ. ಏಳಿ ಮೇಲೆ."

ಆಸ್ಪತ್ರೆಯಲ್ಲಿ ಉದ್ದದ ಸಾಲು. ಮೇಜಿನ ಹಿಂದೆ ಅದೇ ನರ್ಸ್.

"ನಿಮ್ಮ ಹೆಸರಿಲ್ವಲ್ಲ ಮಾಸ್ಟರೇ. ಶುಗರ್ ಇಲ್ಲ ಅಂದ್ರಿ."

ಮಾಸ್ಟರ್ ದನಿ ತಗ್ಗಿಸಿದರು. "ಸುಮ್ನೆ ಕೇಳ್ತೀನಮ್ಮ. ಶುಗರ್ ಇದ್ದೋರನ್ನ ಕೊರೊನಾ ಬೇಗ ಹಿಡಿಯುತ್ತಾ?"

"ಹಿಡಿಯೋದು ಯಾರನ್ನಾದ್ರೂ ಹಿಡಿಯುತ್ತೆ. ಶುಗರ್ ಇದ್ದೋರನ್ನ ಹಿಡಿದ್ರೆ ಸುಲಭಕ್ಕೆ ಬಿಡಲ್ಲ. ನೀವೋ ದಿನಕ್ಕೆ ಇಪ್ಪತ್ತು ಕುತ್ತಿಗೆಗೆ ಟೇಪು ಸುತ್ತೋರು. ಈಗ ಹೇಳಿ, ಇದೆಯೋ ಇಲ್ವೋ?"

ಮಾಸ್ಟರ್ ಹಿಂತಿರುಗಿ ನೋಡಿದರು. ಸಾಲಿನಲ್ಲಿ ಅರ್ಧ ಜನ ಅವರು ಹೊಲಿದ ಬಟ್ಟೆಯಲ್ಲೇ ನಿಂತಿದ್ದರು.

"ಇದೆ. ಹನ್ನೊಂದು ವರ್ಷದಿಂದ."

ಗೋಡೆಯ ಗಡಿಯಾರವೂ ಎರಡು ನಿಮಿಷ ನಿಂತು ಕೇಳಿಸಿಕೊಂಡಿತು. ಆಮೇಲೆ, ತಾಯಿಗೆ ಲಸಿಕೆ ಹಾಕಿಸಲು ಬಂದಿದ್ದ ಬೇಕರಿಯವನು ಕೆಮ್ಮಿದ.

"ಸಿಸ್ಟರ್, ನಂಗೂ ಶುಗರ್ ಇಲ್ಲ ಅಂತ ಬರ್ಕೊಂಡಿದ್ರಿ. ತಿದ್ದಿಬಿಡಿ."

"ನಿಂಗ್ಯಾವಾಗ ಬಂತೋ?" ಎಂದರು ತಾಯಿ.

"ಆಮೇಲೆ ಹೇಳ್ತೀನಮ್ಮ, ಮುಂದೆ ನಡಿ."

ಡಾಕ್ಟರ ಚೀಟಿ ಹಿಡಿದು ಗುರುವಾರ ಬನ್ನಿ ಎಂದು ನರ್ಸ್ ಇಬ್ಬರ ಹೆಸರನ್ನೂ ಬರೆದುಕೊಂಡರು. ಅಲ್ಲಿಯವರೆಗೆ ಮಾಸ್ಟರ್ ಯಾರನ್ನೂ ಮುಟ್ಟಿ ಅಳೆಯಲಿಲ್ಲ. ಅಳತೆಗೆ ಹಳೆಯ ಅಂಗಿಯನ್ನು ಕಿಟಕಿಯಲ್ಲಿಟ್ಟು ಹೋಗಬೇಕಿತ್ತು. ಗಿರಾಕಿಗಳು ಒಬ್ಬರೂ ಕಡಿಮೆಯಾಗಲಿಲ್ಲ. ಗುರುವಾರ ಚುಚ್ಚಿಸಿಕೊಂಡರು. ಮೂವತ್ತು ವರ್ಷ ಸೂಜಿ ಹಿಡಿದ ಮನುಷ್ಯ ಆಗ ಕಣ್ಣು ಮುಚ್ಚಿಕೊಂಡಿದ್ದರು ಎಂದು ಹೆಂಡತಿ ಈಗಲೂ ಹೇಳುತ್ತಾರೆ.